ಮನೆಯ ವಿದ್ಯುನ್ಮಾಪಕವನ್ನು ಅರಿಯುವ ಬಗೆ

ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯಲ್ಲಾಗಲಿ, ಚಿತ್ರದುರ್ಗದ ಪೇಟೆಯಲ್ಲಾಗಲಿ, ವಿದ್ಯುದ್ದೀಪವಿಲ್ಲದ ಮನೆಯು ಈಗ ವಿರಳವೇ ಸರಿ. ತಿಂಗಳಿಗೊಮ್ಮೆ ಮೀಟರು ಓದುವಾತನು ಬಂದು ಚೀಟಿಯೊಂದನ್ನು ಹರಿದು ಕೊಟ್ಟು ಹೋಗುವನು. ಚೀಟಿಯ ಕೊನೆಯಲ್ಲಿರುವ ಮೊತ್ತವನ್ನು ಎಲ್ಲರೂ ನೋಡುವರು; ಅದರ ಮೇಲಣ ಅಂಕೆಗಳನ್ನು ನೋಡುವವರು ಕೆಲವರು ಮಾತ್ರ. ಆ ಅಂಕೆಗಳು ಹುಟ್ಟುವುದು ನಮ್ಮ ಜಗಲಿಯ ಗೋಡೆಗೆ ತಗುಲಿಸಿದ ಪೆಟ್ಟಿಗೆಯಲ್ಲಿಯೇ. ಮನೆವಾರ್ತೆಯ ಭಾರವನ್ನು ಹೊತ್ತಿರುವ ಹಳೆಯ ವಿದ್ಯಾರ್ಥಿನಿಯರೂ, ಮಕ್ಕಳ ತಾಯಿತಂದೆಗಳೂ ಅದರ ಭಾಷೆಯನ್ನು ಕಲಿಯುವುದು ಅಷ್ಟೇನೂ ಕಷ್ಟವಲ್ಲ.

ಕಲಿಯದಿದ್ದರೆ ನಷ್ಟವುಂಟು. ೨೦೨೩ನೆಯ ಇಸವಿಯ ಜೂನ್ ತಿಂಗಳಲ್ಲಿ ಕೊಪ್ಪಳದ ತಗಡಿನ ಮನೆಯೊಂದರಲ್ಲಿ ವಾಸವಾಗಿದ್ದ ಬಡ ವೃದ್ಧೆಯೊಬ್ಬಳ ಕೈಗೆ ಒಂದು ಲಕ್ಷ ರೂಪಾಯಿಗೂ ಮಿಕ್ಕ ಬಿಲ್ಲು ಬಂದುದನ್ನು ಪತ್ರಿಕೆಗಳಲ್ಲಿ ಅನೇಕರು ಓದಿರಬಹುದು. ಆಕೆಯ ಮನೆಯಲ್ಲಿದ್ದುದು ಒಂದೆರಡು ದೀಪಗಳು. ಸುದ್ದಿಯು ಹಬ್ಬಿದ ಬಳಿಕ, ಅದು ತಪ್ಪು ಲೆಕ್ಕವೆಂದೂ ಆಕೆ ಹಣ ಕಟ್ಟಬೇಕಾಗಿಲ್ಲವೆಂದೂ ಇಂಧನ ಸಚಿವರೇ ಹೇಳಬೇಕಾಯಿತು. ಎಲ್ಲರ ಸುದ್ದಿಯೂ ಪತ್ರಿಕೆಗೆ ಏರುವುದಿಲ್ಲವಷ್ಟೆ.

ನಮ್ಮ ನಾಡಿಗೆ ವಿದ್ಯುಚ್ಛಕ್ತಿಯು ಹೊಸದಲ್ಲ. ಶಿವನಸಮುದ್ರದ ಜಲಪಾತದಿಂದ ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿಯು ಹರಿಯಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದುವು. ಕಾಣದ ವಸ್ತುವನ್ನು ಅಳೆಯುವುದು ಹೇಗೆಂಬ ಚಿಂತೆಯು ಅದಕ್ಕೂ ಮೊದಲಿನದು. ಅಮೆರಿಕದ ಎಡಿಸನ್ನನು ಸತುವಿನ ತಗಡುಗಳನ್ನು ದ್ರಾವಣದಲ್ಲಿ ಮುಳುಗಿಸಿಟ್ಟು, ಅವುಗಳ ತೂಕದಲ್ಲಿ ಆದ ವ್ಯತ್ಯಾಸದಿಂದ ಲೆಕ್ಕ ಹಾಕಿಸುತ್ತಿದ್ದನು! ಹಂಗೆರಿಯ ಬ್ಲಾಥಿ ಎಂಬ ಎಂಜಿನಿಯರನು ೧೮೮೯ರಲ್ಲಿ ರೂಪಿಸಿದ ಯಂತ್ರದ ಸಂತತಿಯೇ ನಾವು ಚಿಕ್ಕಂದಿನಲ್ಲಿ ಕಂಡ, ಗಾಜಿನ ಹಿಂದೆ ಅಲ್ಯೂಮಿನಿಯಂ ಬಿಲ್ಲೆಯು ತಿರುಗುವ ಮೀಟರು. ಪ್ರವಾಹವು ಹೆಚ್ಚಿದಷ್ಟೂ ಬಿಲ್ಲೆಯು ವೇಗವಾಗಿ ತಿರುಗುವುದು. ಆಯಸ್ಕಾಂತವೊಂದು ಅದಕ್ಕೆ ಕಡಿವಾಣದಂತೆ ಇರುವುದು. ಇಂದಿನ ಮೀಟರುಗಳಲ್ಲಿ ತಿರುಗುವ ಭಾಗವೇ ಇಲ್ಲ. ಅದರ ಬದಲು ಚಿಕ್ಕದೊಂದು ಕೆಂಪು ದೀಪವು ಮಿನುಗುತ್ತಿರುವುದು.

ಅಳತೆಯ ಮಾನವು ಯೂನಿಟ್. ಸಾವಿರ ವಾಟ್ ಶಕ್ತಿಯ ಉಪಕರಣವು ಒಂದು ಗಂಟೆ ನಡೆದರೆ ಒಂದು ಯೂನಿಟ್. ಎರಡು ಸಾವಿರ ವಾಟಿನ ಗೀಸರು ಅರ್ಧ ಗಂಟೆಯಲ್ಲಿ ನುಂಗುವುದನ್ನು ಒಂಬತ್ತು ವಾಟಿನ ಎಲ್‌ಇಡಿ ದೀಪವು ನೂರ ಹನ್ನೊಂದು ಗಂಟೆಗಳಲ್ಲಿ ಬಳಸುವುದು. ಆದುದರಿಂದ ಮಕ್ಕಳು ಓದುವ ದೀಪವನ್ನು ಆರಿಸಿ ಉಳಿತಾಯ ಮಾಡುವ ಹಿರಿಯರು ಮೊದಲು ಬಚ್ಚಲುಮನೆಯ ಕಡೆಗೆ ನೋಡುವುದು ಲೇಸು.

೨೦೨೩ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯು ಈ ಯೂನಿಟ್ಟಿನ ಲೆಕ್ಕಕ್ಕೆ ಹೊಸ ಬೆಲೆಯನ್ನು ತಂದಿತು. ಯೋಜನೆಯನ್ನು ಸಾರಿದಾಗಿನ ನಿಯಮವಿದು: ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇಕಡಾ ಹತ್ತನ್ನು ಕೂಡಿಸಿದ ಪ್ರಮಾಣವು ಉಚಿತ. ಸರಾಸರಿ ನೂರು ಯೂನಿಟ್ ಇದ್ದ ಮನೆಗೆ ನೂರ ಹತ್ತು. ಅದನ್ನು ಮೀರಿದರೆ ಮೀರಿದಷ್ಟಕ್ಕೆ ಹಣ. ಆದರೆ ೨೦೦ ಯೂನಿಟ್‌ಗಳನ್ನು ದಾಟಿದರೆ ಇಡೀ ಬಿಲ್ಲನ್ನೇ ತೆರತಕ್ಕದ್ದು. ೧೯೯ಕ್ಕೂ ೨೦೧ಕ್ಕೂ ನಡುವೆ ಇರುವ ಅಂತರವು ಎರಡು ಯೂನಿಟ್ ಅಲ್ಲವೆಂಬುದನ್ನು ಗೃಹಿಣಿಯರು ಗಮನಿಸಬೇಕು. ತಿಂಗಳ ನಡುವೆ ಒಮ್ಮೆ ಮೀಟರಿನ ಅಂಕೆಯನ್ನು ಪಂಚಾಂಗದ ಅಂಚಿನಲ್ಲಿ ಗುರುತು ಹಾಕಿಕೊಂಡರೆ ಸಾಕು, ಎಲ್ಲಿ ನಿಂತಿದ್ದೇವೆಂಬುದು ತಿಳಿಯುವುದು.

ಬಿಲ್ಲು ಹೆಚ್ಚಿದೆಯೆಂದು ಶಂಕೆ ಬಂದಾಗ ಮೀಟರನ್ನು ಬೈಯುವುದಕ್ಕೆ ಮುಂಚೆ ಚೀಟಿಯಲ್ಲಿರುವ ಆರ್.ಆರ್. ನಂಬರು ನಮ್ಮದೇ ಹೌದೇ, ಈಗಿನ ಅಂಕೆಯು ಮೀಟರಿನ ಅಂಕೆಯೊಡನೆ ಕೂಡುವುದೇ ಎಂದು ನೋಡತಕ್ಕದ್ದು. ಮೀಟರಿನ ಮುಖದಲ್ಲಿ ದಿನಾಂಕ, ವೋಲ್ಟೇಜು ಮುಂತಾದ ಹಲವು ಸಂಖ್ಯೆಗಳು ಒಂದಾದ ಮೇಲೊಂದು ಬಂದು ಹೋಗುವುವು. ನಮಗೆ ಬೇಕಾದುದು ಪಕ್ಕದಲ್ಲಿ ಕಿಲೋವಾಟ್-ಅವರ್ ಎಂಬ ಗುರುತುಳ್ಳದ್ದು ಮಾತ್ರ. ಮನೆಗೆ ಬೀಗ ಹಾಕಿದ್ದ ತಿಂಗಳಲ್ಲಿ ಸರಾಸರಿಯ ಮೇಲೆ ಬಿಲ್ಲು ಬರೆಯುವ ಪದ್ಧತಿಯುಂಟು. ಮುಂದಿನ ತಿಂಗಳು ಅದು ಸರಿಹೋಯಿತೇ ಎಂದು ವಿಚಾರಿಸಬೇಕು.

ಅಂಕೆಗಳು ಸರಿಯಾಗಿದ್ದರೆ ಮನೆಯ ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಫ್ರಿಜ್ಜು, ಟೀವಿಗಳ ಪ್ಲಗ್ಗುಗಳನ್ನು ಕಿತ್ತು, ಮೀಟರಿನ ಮುಂದೆ ಹತ್ತು ನಿಮಿಷ ನಿಲ್ಲಿರಿ. ಕೆಂಪು ದೀಪವು ಮಿನುಗದಿದ್ದರೆ ಸೋರಿಕೆಯಿಲ್ಲ. ಮಿನುಗುತ್ತಿದ್ದರೆ ಮೈನ್ ಸ್ವಿಚ್ಚನ್ನೂ ಆರಿಸಿರಿ. ಆಗ ನಿಂತರೆ ದೋಷವು ಮನೆಯ ಒಳಗಿನ ತಂತಿಗಳಲ್ಲಿದೆ. ಆಗಲೂ ನಿಲ್ಲದಿದ್ದರೆ ಮೀಟರಿಗೂ ಮೈನ್ ಸ್ವಿಚ್ಚಿಗೂ ನಡುವೆ ಏನೋ ಆಗಿದೆ, ಇಲ್ಲವೇ ಮೀಟರೇ ಕೆಟ್ಟಿದೆ.

ಮೀಟರಿನ ಓಟವನ್ನೂ ಹೀಗೆಯೇ ಪರೀಕ್ಷಿಸಬಹುದು. ಅದರ ಮುಖದ ಮೇಲೆ ಯೂನಿಟ್ಟಿಗೆ ೩೨೦೦ ಮಿನುಗು ಎಂದೋ ಬೇರೊಂದು ಸಂಖ್ಯೆಯೋ ಬರೆದಿರುವುದು. ನೂರು ವಾಟಿನ ಹಳೆಯ ಬಗೆಯ ಬುರುಡೆ ದೀಪವೊಂದನ್ನೇ ಹಚ್ಚಿದರೆ ೩೨೦೦ರ ಮೀಟರು ಮೂರು ನಿಮಿಷಕ್ಕೆ ಹದಿನಾರು ಸಲ ಮಿನುಗಬೇಕು. ಇಸ್ತ್ರಿಪೆಟ್ಟಿಗೆಯು ಕಾದೊಡನೆ ತಾನೇ ಆರಿಕೊಳ್ಳುವುದರಿಂದ ಈ ಪರೀಕ್ಷೆಗೆ ಒದಗದು. ಹಳ್ಳಿಗಳಲ್ಲಿ ಸಂಜೆಯ ಹೊತ್ತು ವೋಲ್ಟೇಜು ೧೮೦ಕ್ಕೆ ಇಳಿದಿದ್ದರೆ ಮಿನುಗುಗಳು ಹನ್ನೊಂದು ಹನ್ನೆರಡಕ್ಕೆ ಇಳಿಯುವುವು. ಅದು ಮೀಟರಿನ ದೋಷವಲ್ಲ. ಆದರೆ ಹದಿನಾರಿರಬೇಕಾದಲ್ಲಿ ಇಪ್ಪತ್ತೈದು ಬಂದರೆ ದೂರು ಕೊಡಲು ಕಾರಣವುಂಟು.

ಅರ್ತ್ ಎಂದು ಬರೆದಿರುವ ಮತ್ತೊಂದು ದೀಪವು ಅನೇಕ ಮೀಟರುಗಳಲ್ಲಿದೆ. ಹಣದ ಮಾತಿಗಿಂತ ಇದು ದೊಡ್ಡದು. ಹೋದ ಪ್ರವಾಹವು ಬಂದ ದಾರಿಯಲ್ಲಿ ಪೂರ್ತಿ ಹಿಂದಿರುಗದೆ ಬೇರೆ ದಾರಿ ಹಿಡಿದಾಗ ಇದು ಉರಿಯುವುದು. ಪಕ್ಕದ ಮನೆಯ ನ್ಯೂಟ್ರಲ್ ತಂತಿಯೊಡನೆ ನಮ್ಮದು ಕೂಡಿಕೊಂಡಿರಬಹುದು. ಹಾಗಾದಲ್ಲಿ, ಎರಡು ತಂತಿಗಳನ್ನೂ ಅಳೆದು ಹೆಚ್ಚಿನದನ್ನೇ ಲೆಕ್ಕಕ್ಕೆ ಹಿಡಿಯುವ ಮೀಟರಿನಿಂದ ಬಿಲ್ಲೂ ಏರುವುದು. ಅಥವಾ ಒದ್ದೆಯಾದ ಗೋಡೆಯಲ್ಲೋ ನೀರೆತ್ತುವ ಮೋಟಾರಿನಲ್ಲೋ ಪ್ರವಾಹವು ಸೋರುತ್ತಿರಬಹುದು. ಬಟ್ಟೆ ಒಣಹಾಕುವ ತಂತಿಯನ್ನು ಮುಟ್ಟಿದಾಗ ಕೈ ಜುಮ್ಮೆಂದರೆ ಆ ದಿನವೇ ಲೈಸೆನ್ಸುಳ್ಳ ಎಲೆಕ್ಟ್ರಿಷಿಯನ್ನನನ್ನು ಕರೆಸಬೇಕು. ಅವನು ಬರುವ ತನಕ ಮೈನ್ ಸ್ವಿಚ್ಚು ಆರಿರಲಿ, ಮಕ್ಕಳು ಆ ಕಡೆ ಸುಳಿಯದಿರಲಿ.

ಮೀಟರಿನ ಸೀಲನ್ನು ಮಾತ್ರ ಯಾರೂ ಮುಟ್ಟಕೂಡದು. ೨೦೦೩ರ ವಿದ್ಯುಚ್ಛಕ್ತಿ ಕಾಯಿದೆಯ ಪ್ರಕಾರ ಮೀಟರನ್ನು ತಿದ್ದುವುದು ಶಿಕ್ಷಾರ್ಹ ಅಪರಾಧ. ಚಿತ್ರದುರ್ಗ ಜಿಲ್ಲೆಯು ಬೆಸ್ಕಾಂಗೆ ಸೇರಿದುದು. ೧೯೧೨ ಎಂಬ ದೂರವಾಣಿ ಸಂಖ್ಯೆಗೆ ದೂರು ಹೇಳಿ, ಅವರು ಕೊಡುವ ನಂಬರನ್ನು ಬರೆದುಕೊಳ್ಳಿರಿ. ಉಪವಿಭಾಗದ ಕಚೇರಿಗೆ ಲಿಖಿತ ಅರ್ಜಿಯನ್ನೂ ಕೊಟ್ಟು, ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿರಿ. ಶುಲ್ಕ ಕಟ್ಟಿ ಮೀಟರನ್ನು ಪರೀಕ್ಷಿಸಲು ಕೇಳಬಹುದು. ಪರೀಕ್ಷೆ ನಡೆಯುವಾಗ ಮನೆಯವರು ಎದುರಿಗಿದ್ದು, ಎರಡು ಕಡೆಯ ಅಂಕೆಗಳನ್ನೂ ತಾವೇ ಬರೆದುಕೊಳ್ಳತಕ್ಕದ್ದು.