ಮುಖವಿರುವ ಮೈ

2024ರ ಅಕ್ಟೋಬರ್ ಕೊನೆಯಲ್ಲಿ ಬಾಂಬೆ ಹೈಕೋರ್ಟಿನಿಂದ ಒಂದು ಆದೇಶ ಬಂತು. ವಿದೇಶದ ಹರಾಜಿನಲ್ಲಿ ಕೊಂಡು ತಂದಿದ್ದ 7 ಕಲಾಕೃತಿಗಳನ್ನು ಮುಂಬೈ ಕಸ್ಟಮ್ಸ್‌ನವರು ಹಿಂದಿನ ವರ್ಷ ಹಿಡಿದಿಟ್ಟುಕೊಂಡಿದ್ದರು. ಅಶ್ಲೀಲ ಎಂಬುದು ಆರೋಪ. ಮುಟ್ಟುಗೋಲಿನ ಜೊತೆಗೆ ತಂದವರಿಗೆ 50,000 ರೂಪಾಯಿ ದಂಡ. ಅವುಗಳಲ್ಲಿ ನಾಲ್ಕು ಎಫ್.ಎನ್. ಸೋಜಾ ಅವರವು, ಮೂರು ಅಕ್ಬರ್ ಪದಮ್ಸಿ ಅವರವು. ಅಧಿಕಾರಿ ತಮ್ಮ ಸ್ವಂತ ಅಭಿಪ್ರಾಯವನ್ನೇ ಕಾನೂನು ಮಾಡಿಕೊಂಡಿದ್ದಾರೆ, ನಗ್ನತೆ ಇದ್ದ ಮಾತ್ರಕ್ಕೆ ಚಿತ್ರ ಅಶ್ಲೀಲವಾಗುವುದಿಲ್ಲ ಎಂದ ನ್ಯಾಯಾಲಯ, ಎರಡು ವಾರದೊಳಗೆ ಎಲ್ಲವನ್ನೂ ಬಿಟ್ಟುಕೊಡಿ ಎಂದಿತು.

ಬೆಳಗಾವಿಯ ಶಹಾಪುರದ ಗಲ್ಲಿಯಲ್ಲಿ ಕೂತು ಪೇಪರಿನಲ್ಲಿ ಇದನ್ನು ಓದಿದಾಗ ನನಗೆ ಯಾರದೋ ಊರಿನ ಸುದ್ದಿ ಅನ್ನಿಸಲಿಲ್ಲ. ಸೋಜಾ ನಮ್ಮ ನೆರೆಯವರು. ಚೋರ್ಲಾ ಘಾಟ್ ಇಳಿದರೆ ಗೋವಾ. ಅಲ್ಲಿಯ ಸಾಲಿಗಾಂವ್‌ನಲ್ಲಿ 1924ರಲ್ಲಿ ಹುಟ್ಟಿದವರು. ಹಸುಗೂಸಾಗಿದ್ದಾಗಲೇ ತಂದೆ ತೀರಿಹೋದರು, ತಾಯಿ ಬಟ್ಟೆ ಹೊಲಿದು ಸಾಕಿದರು. 1949ರಲ್ಲಿ ಮುಂಬೈಯ ಪ್ರದರ್ಶನವೊಂದರಲ್ಲಿ ಅವರು ತಮ್ಮದೇ ಬೆತ್ತಲೆ ಭಾವಚಿತ್ರ ತೂಗಿಹಾಕಿದರು. ದೂರು ಹೋಯಿತು, ಪೊಲೀಸರು ಬಂದರು. ಅದೇ ವರ್ಷ ಅವರು ಲಂಡನ್ನಿಗೆ ಹೊರಟುಹೋದರು.

ಐದು ವರ್ಷದ ಮೇಲೆ ಪದಮ್ಸಿ ಅವರ ಸರದಿ. 1954ರಲ್ಲಿ ಜಹಾಂಗೀರ್ ಆರ್ಟ್ ಗ್ಯಾಲರಿಯಲ್ಲಿ ಅವರ ‘ಲವರ್ಸ್’ ಚಿತ್ರವನ್ನು ಇಳಿಸಿಬಿಡಿ ಎಂದು ಪೊಲೀಸರು ಹೇಳಿದರು. ಇನ್ನೂ ಮೂವತ್ತು ತುಂಬದ ಹುಡುಗ, ಇಳಿಸಲಿಲ್ಲ. ಕಟಕಟೆ ಹತ್ತಿ ವಾದಿಸಿ ಗೆದ್ದು ಬಂದರು. ಎಪ್ಪತ್ತು ವರ್ಷ ಕಳೆದು, ಅವರು ತೀರಿಕೊಂಡ ಮೇಲೂ, ಅದೇ ಊರಿನಲ್ಲಿ ಅದೇ ಪ್ರಶ್ನೆಗೆ ಅವರ ಚಿತ್ರಗಳು ಮತ್ತೆ ಉತ್ತರ ಕೊಡಬೇಕಾಯಿತು.

ನಮ್ಮ ಆಧುನಿಕ ಕಲಾವಿದರ ಇಂಥ ಚಿತ್ರಗಳನ್ನೆಲ್ಲ ಒಂದೆಡೆ ಕೂಡಿಸಿ ತೋರಿಸಿದ ದೊಡ್ಡ ಪ್ರದರ್ಶನ 2013ರಲ್ಲಿ ದೆಹಲಿ ಆರ್ಟ್ ಗ್ಯಾಲರಿಯಲ್ಲಿ ನಡೆಯಿತು, ‘ದ ನೇಕೆಡ್ ಅಂಡ್ ದ ನ್ಯೂಡ್’ ಎಂಬ ಹೆಸರಿನಲ್ಲಿ. ಬಾಗಿಲಲ್ಲಿ ದುರ್ಗಾವಾಹಿನಿ ಸಂಘಟನೆಯ ಪ್ರತಿಭಟನೆ ಆಯಿತು. ಪ್ರದರ್ಶನ ಮಾತ್ರ ನಿಲ್ಲಲಿಲ್ಲ. ಅದೇ ವರ್ಷ ಫೆಬ್ರವರಿಯಲ್ಲಿ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ದೇವತೆಗಳ ನಗ್ನಚಿತ್ರಗಳಿಗೆ ವಿರೋಧ ಬಂದಾಗ ಚಿತ್ರಗಳನ್ನೇ ಗೋಡೆಯಿಂದ ಇಳಿಸಲಾಯಿತು.

ಇಂಥ ಜಗಳ ಬಂದಾಗಲೆಲ್ಲ ಚಿತ್ರದ ಪರ ನಿಲ್ಲುವವರು ನಮ್ಮ ಶಿಲ್ಪಗಳ ಕಡೆ ಬೆರಳು ತೋರಿಸುತ್ತಾರೆ. ಬೆಳಗಾವಿಯವರಿಗೆ ಅದು ಇನ್ನೂ ಸಲೀಸು. ಕೋಟೆಯೊಳಗೆ 1204ರಲ್ಲಿ ಕಟ್ಟಿದ ಕಮಲಬಸದಿ ಇದೆ, ಅಲ್ಲಿ ನೇಮಿನಾಥನಿದ್ದಾನೆ. ದಿಗಂಬರ ಮೂರ್ತಿಗೆ ಕೈಮುಗಿಯುವ ಊರಿಗೆ ಬೆತ್ತಲೆಯ ಭಯವೇಕೆ ಎಂದು ಕೇಳುತ್ತಾರೆ. ಈ ವಾದ ನನಗೆ ಒಪ್ಪಿಗೆಯಿಲ್ಲ. ತೀರ್ಥಂಕರನ ಮೈ ಎಲ್ಲವನ್ನೂ ತೊರೆದ ಮೈ. ಲಾಂಛನ ನೋಡದಿದ್ದರೆ ಇವನು ನೇಮಿ, ಇವನು ಶಾಂತಿ ಎಂದು ಗುರುತು ಹಿಡಿಯುವುದೂ ಕಷ್ಟ. ಬೇಲೂರಿನ ಮದನಿಕೆಯೂ ಯಾರ ಮನೆಯ ಮಗಳೂ ಅಲ್ಲ. ಆಧುನಿಕ ಕಲಾವಿದ ಬರೆದದ್ದು ಒಬ್ಬ ಮನುಷ್ಯನನ್ನು. ಮುಖವಿರುವ, ಹೆಸರಿರುವ, ನಾಳೆ ಬಸ್‌ಸ್ಟ್ಯಾಂಡಿನಲ್ಲಿ ಎದುರಾಗಬಹುದಾದ ಮನುಷ್ಯನನ್ನು. ಜನ ತಬ್ಬಿಬ್ಬಾಗುವುದು ಬಟ್ಟೆ ಇಲ್ಲದ್ದಕ್ಕಲ್ಲ, ಆ ಮುಖಕ್ಕೆ ಎಂದು ನಾನು ತಿಳಿದಿದ್ದೇನೆ.

ಯುರೋಪಿನಲ್ಲೂ ಹೀಗೇ ಆಯಿತು. ಶತಮಾನಗಟ್ಟಲೆ ಅಲ್ಲಿ ರತಿದೇವಿಯರನ್ನೂ ಅಪ್ಸರೆಯರನ್ನೂ ಬೆತ್ತಲೆ ಬರೆದರು, ಅರಮನೆಗಳಲ್ಲಿ ತೂಗಿಹಾಕಿದರು, ಯಾರೂ ಮಾತಾಡಲಿಲ್ಲ. 1865ರಲ್ಲಿ ಪ್ಯಾರಿಸ್ಸಿನಲ್ಲಿ ಮಾನೆ ತನ್ನ ‘ಒಲಿಂಪಿಯಾ’ ಪ್ರದರ್ಶಿಸಿದಾಗ ಊರು ಕುದಿಯಿತು. ಮಂಚದ ಮೇಲೆ ಒರಗಿದ ಆ ಹೆಣ್ಣು ನೋಡುಗರ ಕಣ್ಣಲ್ಲಿ ಕಣ್ಣಿಟ್ಟಿದ್ದಳು. ದೇವತೆಯ ಸೋಗು ಇರಲಿಲ್ಲ. 1917ರಲ್ಲಿ ಮೊದಿಲಿಯಾನಿಯ ನಗ್ನಚಿತ್ರಗಳ ಪ್ರದರ್ಶನಕ್ಕೂ ಅದೇ ಊರಿನ ಪೊಲೀಸರು ಬಂದರು. ಅವನು ಬದುಕಿರುವಾಗ ನಡೆದ ಏಕೈಕ ಒಂಟಿ ಪ್ರದರ್ಶನ ಅದು.

ಈ ಸಾಲಿನಲ್ಲಿ ನಾನು ಬಹಳ ಹೊತ್ತು ನಿಂತುಕೊಳ್ಳುವುದು ಅಮೃತಾ ಶೇರ್‌ಗಿಲ್ ಮುಂದೆ. 1934ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ಅರೆಬೆತ್ತಲೆಯಾಗಿ ತನ್ನನ್ನೇ ತಾಹಿತಿ ದ್ವೀಪದ ಹೆಣ್ಣಿನಂತೆ ಬರೆದುಕೊಂಡಳು. ತಾಹಿತಿಯ ಹೆಂಗಸರನ್ನು ಬರೆದು ಹೆಸರಾದವನು ಗೋಗ್ಯಾ, ಗಂಡಸು. ಈಕೆ ಆ ಹೆಂಗಸರ ಜಾಗದಲ್ಲಿ ತಾನೇ ಹೋಗಿ ನಿಂತಳು. ಹಿಂದೆ ಗೋಡೆಯ ಮೇಲೆ ಒಬ್ಬ ಗಂಡಸಿನ ನೆರಳು ಬಿದ್ದಿದೆ. ಅವಳ ನೋಟ ಬೇರೆಲ್ಲೋ ಇದೆ. ಮೈ ತೋರಿಸುತ್ತಿದ್ದಾಳೆ, ಮನಸ್ಸನ್ನು ಮಾತ್ರ ಕೊಡುತ್ತಿಲ್ಲ. ಒಂದು ಹೆಣ್ಣು ಇಷ್ಟನ್ನು ಬಣ್ಣದಲ್ಲಿ ಹೇಳಿದ್ದನ್ನು ನಾನು ಬೇರೆ ಕಡೆ ಕಂಡಿಲ್ಲ.

ನಮ್ಮ ಊರಿಗೆ ಭಾವಚಿತ್ರದ ಹುಚ್ಚು ಹಿಡಿಸಿದವರು ಕೆ.ಬಿ. ಕುಲಕರ್ಣಿ ಮಾಸ್ತರು. ಅವರ ಚಿತ್ರಮಂದಿರದಲ್ಲಿ ಕಲಿತವರು ರವಿ ಪರಾಂಜಪೆ ಅವರಂಥ ಕಲಾವಿದರು. ಎದುರಿಗೆ ಮನುಷ್ಯ ಕೂತಿರಬೇಕು, ಕಣ್ಣಿಂದ ಕಂಡದ್ದನ್ನು ಕೈ ಬರೆಯಬೇಕು ಎಂಬ ಶಿಸ್ತು ಇಲ್ಲಿ ಇಂದಿಗೂ ಇದೆ. ಶಹಾಪುರದಲ್ಲಿ ಮಗ್ಗ ನಿಲ್ಲಿಸಿದ ಮುದುಕರು ಎಷ್ಟೋ ಜನ ನಾನು ಚಿತ್ರ ಕಲಿಸುವ ಹುಡುಗರ ಮುಂದೆ ಬರಿಮೈಯಲ್ಲಿ, ಮೊಣಕಾಲ ಮೇಲೆ ಧೋತರ ಕಟ್ಟಿ ಕೂತಿದ್ದಾರೆ. ಗಂಡಸಿನ ಬರಿಮೈಗೆ ಇಲ್ಲಿ ಯಾರ ತಕರಾರೂ ಇಲ್ಲ.

ಪೂರ್ತಿ ನಗ್ನ ಮಾಡೆಲ್ ಇಟ್ಟು ಬರೆಸುವ ಲೈಫ್ ಕ್ಲಾಸನ್ನು ಮುಂಬೈಯ ಜೆ.ಜೆ. ಸ್ಕೂಲಿಗೆ ತಂದವರು ಅಲ್ಲಿಯ ಮುಖ್ಯಸ್ಥರಾಗಿದ್ದ ಗ್ಲ್ಯಾಡ್‌ಸ್ಟನ್ ಸಾಲೊಮನ್, ಸುಮಾರು 1919ರಲ್ಲಿ. ಮುಂಬೈಯಲ್ಲಿ ಕಲಿಯುವಾಗ ಅಂಥ ತರಗತಿಯಲ್ಲಿ ನಾನೂ ಕೂತಿದ್ದೆ. ಮಾಡೆಲ್ ನಿಂತ ಕೂಡಲೇ ಸರ್ ಆಕೆಯ ಪಾದದ ಸುತ್ತ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದರು. ವಿರಾಮ ಮುಗಿಸಿ ಬಂದಾಗ ಅದೇ ಗೆರೆಯೊಳಗೆ ಪಾದ ಇಡಬೇಕು, ಇಲ್ಲದಿದ್ದರೆ ಎಲ್ಲರ ಚಿತ್ರವೂ ಕೆಟ್ಟೀತು. ಭಾರ ಹೊತ್ತ ಕಾಲಿನ ಕಡೆ ಸೊಂಟ ಮೇಲೇರುತ್ತದೆ, ಅದೇ ಕಡೆಯ ಭುಜ ಕೆಳಗಿಳಿಯುತ್ತದೆ. ಸೀರೆಯ ನೆರಿಗೆ ಇದನ್ನು ಮುಚ್ಚಿಬಿಡುತ್ತದೆ. ಇದು ತಿಳಿಯದೆ ಸೀರೆ ಉಟ್ಟವಳನ್ನು ಬರೆದರೆ ಗೂಟಕ್ಕೆ ಬಟ್ಟೆ ತೂಗಿಹಾಕಿದಂತೆ ಕಾಣುತ್ತದೆ. ಇನ್ನು ಬಣ್ಣ. ಮುಂಗೈ, ಕುತ್ತಿಗೆ ಬಿಸಿಲಿಗೆ ಕಂದಿರುತ್ತವೆ. ಹೊಟ್ಟೆಯ ಮೇಲೆ ಹಳದಿ, ಮಗ್ಗುಲ ನೆರಳಿನಲ್ಲಿ ಹಸಿರು ಛಾಯೆ. ಕುಪ್ಪಸದ ತೋಳು ಎಲ್ಲಿಯವರೆಗೆ ಇರುತ್ತಿತ್ತೆಂದು ಚರ್ಮವೇ ಹೇಳುತ್ತದೆ. ಆ ಗೆರೆ ಕಂಡಾಗ ನನಗೆ ಆಕೆಯ ಮನೆ, ಅಡಿಗೆ, ನೀರಿನ ಸರದಿ ಎಲ್ಲ ಕಂಡವು. ಆಮೇಲೆ ನಾನು ಬರೆದದ್ದು ಆಕೆಯ ಭಾವಚಿತ್ರವನ್ನೇ.

ಹೋದ ವರ್ಷ ನಮ್ಮ ಗಲ್ಲಿಯ ಮಗ್ಗದ ಮನೆಯ ತಾಯಿಯೊಬ್ಬರು ಬಂದು ಕೂತರು. ಮಗಳಿಗೆ ಆರ್ಟ್ ಕಲಿಯಲು ಹೊರಗಿನ ಊರಿಗೆ ಹೋಗುವ ಆಸೆ.

“ಅಕ್ಕಾರ, ಅಲ್ಲಿ ಮೈಮ್ಯಾಲ ಅರಬಿ ಇಲ್ದವರನ್ನ ನಿಂದರಿಸಿ ಚಿತ್ರ ತಗಸ್ತಾರಂತ. ಖರೇ ಏನ್ರಿ?”

“ಖರೇನವಾ” ಎಂದೆ. ಯಾಕೆ, ಹೇಗೆ ಎಂದು ಮೇಲೆ ಬರೆದದ್ದನ್ನೇ ತಿಳಿಸಿ ಹೇಳಿದೆ. ಆಕೆ ಸುಮ್ಮನೆ ಕೇಳಿಸಿಕೊಂಡು, “ಹಂಗ ನಿಂತವರಿಗೆ ದಿನಕ್ಕ ಎಷ್ಟ ಕೊಡ್ತಾರ್ರಿ?” ಎಂದು ಕೇಳಿದರು.

ಇಷ್ಟು ವರ್ಷದ ಚರ್ಚೆಗಳಲ್ಲಿ, ಕೋರ್ಟಿನಲ್ಲಾಗಲಿ ಗ್ಯಾಲರಿಯಲ್ಲಾಗಲಿ, ಈ ಪ್ರಶ್ನೆ ಕೇಳಿದವರು ನನಗೆ ಸಿಕ್ಕಿರಲಿಲ್ಲ. ಕೂಲಿ ಕಡಿಮೆ ಎಂದು ನಾನು ಮುಚ್ಚಿಡದೆ ಹೇಳಿದೆ. ಮನೆಯಲ್ಲಿ ಬೇರೆ ಕೆಲಸ ಎಂದು ಹೇಳಿ ಬರುವವರಿದ್ದಾರೆ ಎಂದೂ ಹೇಳಿದೆ. ಮರಾಠಿ ಸಿನಿಮಾ ‘ನ್ಯೂಡ್’ ತೋರಿಸುವುದು ಇದನ್ನೇ: ಮಗನ ಓದಿಗಾಗಿ ಜೆ.ಜೆ.ಯಲ್ಲಿ ಮಾಡೆಲ್ ಆಗಿ ನಿಲ್ಲುವ ತಾಯಿ, ಅದನ್ನು ಮಗನಿಂದ ಮುಚ್ಚಿಡುವ ಪಾಡು. ರವಿ ಜಾಧವ್ ಮಾಡಿದ ಆ ಚಿತ್ರವನ್ನು 2017ರಲ್ಲಿ ಗೋವಾದ ಚಿತ್ರೋತ್ಸವದ ಪಟ್ಟಿಯಿಂದ ತೆಗೆದುಹಾಕಿದ್ದರು. ಮರುವರ್ಷ ಥಿಯೇಟರಿಗೆ ಬಂತು.

ಅಶ್ಲೀಲ ಯಾವುದು ಎಂಬುದಕ್ಕೆ ನನ್ನ ಅಳತೆ ಆ ತಾಯಿಯ ಪ್ರಶ್ನೆಯ ಹತ್ತಿರವೇ ಇದೆ. ಎದುರಿಗೆ ನಿಂತವರು ಒಪ್ಪಿ ನಿಂತಿದ್ದಾರೆಯೇ? ಸರಿಯಾದ ಕೂಲಿ ಸಿಕ್ಕಿದೆಯೇ? ಬೇಡವೆಂದರೆ ಹೊದ್ದುಕೊಂಡು ಎದ್ದು ಹೋಗಬಹುದೇ? ಇವಕ್ಕೆ ಹೌದೆಂಬ ಉತ್ತರವಿಲ್ಲದಿದ್ದರೆ ರೇಷ್ಮೆ ಉಡಿಸಿ ಬರೆದ ಚಿತ್ರವೂ ನನಗೆ ಅಶ್ಲೀಲವೇ. ಒಲಿಂಪಿಯಾ ಚಿತ್ರಕ್ಕೆ ಒರಗಿದವಳ ಹೆಸರು ವಿಕ್ಟೋರಿನ್ ಮ್ಯೂರಾಂ. ಆಕೆ ಸ್ವತಃ ಕಲಾವಿದೆ. 1876ರ ಪ್ಯಾರಿಸ್ ಸಲೋನಿಗೆ ಮಾನೆಯ ಚಿತ್ರಗಳು ತಿರಸ್ಕಾರವಾದವು, ಆಕೆಯದು ಆಯ್ಕೆಯಾಯಿತು. ಆಕೆಯ ಹೆಸರು ಉಳಿದಿದೆ, ನಮ್ಮ ಕ್ಯಾಟಲಾಗುಗಳಲ್ಲಿ ಇನ್ನೂ ‘ಕುಳಿತ ನಗ್ನೆ’, ‘ನಿಂತ ನಗ್ನೆ’ ಎಂದೇ ಅಚ್ಚಾಗುತ್ತಿದೆ. ನಮ್ಮ ಊರಿನ ಟಿಳಕವಾಡಿಯ ಗ್ಯಾಲರಿಯಲ್ಲಿ ಮುಂದೆ ಎಂದಾದರೂ ಇಂಥ ಪ್ರದರ್ಶನ ಆದರೆ, ಮಾಡೆಲ್ ಒಪ್ಪಿದ ಕಡೆಯಲ್ಲೆಲ್ಲ ಕಲಾವಿದನ ಹೆಸರಿನ ಪಕ್ಕದಲ್ಲೇ, ಅದೇ ಗಾತ್ರದ ಅಕ್ಷರದಲ್ಲಿ, ಅವರ ಹೆಸರೂ ಇರಬೇಕೆಂದು ಸಂಘಟಕರಲ್ಲಿ ಈಗಲೇ ಕೇಳಿಕೊಳ್ಳುತ್ತಿದ್ದೇನೆ.