ಮೂರು ತಿಂಗಳಿಗೊಂದು ಚುಚ್ಚುಮದ್ದು

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಜ್ಜ ಬರುತ್ತಿದ್ದರು. ವಯಸ್ಸು 70 ದಾಟಿತ್ತು. ಒಂದು ದಿನ ಅವರು ಜೇಬಿನಿಂದ ಮಡಿಸಿದ ಚೀಟಿ ತೆಗೆದರು. ಆಸ್ಪತ್ರೆಯ ಚೀಟಿ. "ನೀವೇ ಓದಿ ಅಜ್ಜಾ" ಅಂದೆವು. ಅಜ್ಜ ಬೆರಳಿಟ್ಟು ಅಂಕಿ ಓದಿದರು. ಅದು ಮುಂದಿನ ಚುಚ್ಚುಮದ್ದಿನ ತಾರೀಕು. ಆ ತಾರೀಕು ಕಳೆದು ಎರಡು ತಿಂಗಳಾಗಿತ್ತು!

"ಮೈ ಹಗುರಾಗಿತ್ತು. ನೋವೂ ಇರಲಿಲ್ಲ. ಇನ್ನು ಯಾಕೆ ಸೂಜಿ ಅಂತ ಸುಮ್ಮನಾದೆ" ಅಂದರು.

ಅಜ್ಜನಿಗೆ ಇದ್ದದ್ದು ಪ್ರಾಸ್ಟೇಟ್ ಕ್ಯಾನ್ಸರ್. ಇದು ಗಂಡಸರ ಕಾಯಿಲೆ. ಆದರೂ ಅಕ್ಕ ತಂಗಿಯರೇ, ನೀವೂ ಓದಿ. ಗಂಡಸರು ಇಂಥ ಮಾತು ಬಾಯಿಬಿಟ್ಟು ಹೇಳೋದಿಲ್ಲ. ಕೊನೆಗೆ ಆಸ್ಪತ್ರೆಗೆ ಕರೆದುಕೊಂಡು ಹೋಗುವವರು ನೀವೇ.

ಪ್ರಾಸ್ಟೇಟ್ ಅಂದರೆ ಏನು? ಅದು ಗಂಡಸರಲ್ಲಿ ಮೂತ್ರಕೋಶದ ಕೆಳಗೆ ಇರುವ ಒಂದು ಗ್ರಂಥಿ. ದಪ್ಪ ನೆಲ್ಲಿಕಾಯಿಯಷ್ಟು ಇರುತ್ತೆ. ಮೂತ್ರದ ನಾಳ ಅದರ ನಡುವೆ ಹಾದು ಬರುತ್ತೆ. ವಯಸ್ಸಾದ ಮೇಲೆ ಬಹಳ ಜನರಿಗೆ ಈ ಗ್ರಂಥಿ ಊದುತ್ತೆ. ಊದಿದ್ದೆಲ್ಲ ಕ್ಯಾನ್ಸರ್ ಅಲ್ಲ. ಕೆಲವರಿಗೆ ಮಾತ್ರ ಕ್ಯಾನ್ಸರ್ ಆಗುತ್ತೆ. ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತೆ.

ಗದ್ದೆಯಲ್ಲಿ ಕಳೆ ಬೆಳೆಯೋದಕ್ಕೆ ನೀರು ಬೇಕು. ಈ ಕ್ಯಾನ್ಸರ್ ಬೆಳೆಯೋದಕ್ಕೂ ಒಂದು ನೀರು ಬೇಕು. ಅದೇ ಗಂಡು ಹಾರ್ಮೋನು. ಅದರ ಹೆಸರು ಟೆಸ್ಟೋಸ್ಟಿರಾನ್. ಗಂಡಸರಿಗೆ ಗಡ್ಡ ಮೀಸೆ ಬರುವುದು ಇದರಿಂದಲೇ. ಇದು ಹೆಚ್ಚಾಗಿ ಬೀಜಗಳಲ್ಲಿ ತಯಾರಾಗುತ್ತೆ. ಇದನ್ನು ತಗ್ಗಿಸಿದರೆ ಕ್ಯಾನ್ಸರ್ ಕುಗ್ಗುತ್ತೆ ಅಂತ 1941ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ಷಿಕಾಗೋದ ವೈದ್ಯ ಚಾರ್ಲ್ಸ್ ಹಗಿನ್ಸ್. 1966ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಆಗ ಆಪರೇಷನ್ ಮಾಡಿ ಬೀಜ ತೆಗೆಯುತ್ತಿದ್ದರು. ಚುಚ್ಚುಮದ್ದು ಬಂದದ್ದು 1980ರ ದಶಕದಲ್ಲಿ.

ಈ ಮದ್ದು ಕೆಲಸ ಮಾಡುವ ರೀತಿ ಸ್ವಲ್ಪ ವಿಚಿತ್ರ. ಕೆರೆಯ ನೀರುಗಂಟಿಯನ್ನು ನೆನಪಿಸಿಕೊಳ್ಳಿ. ನಮ್ಮ ತಲೆಯೊಳಗೂ ಒಬ್ಬ ನೀರುಗಂಟಿ ಇದ್ದಾನೆ. ಅದು ಬಟಾಣಿ ಕಾಳಿನಷ್ಟು ಇರುವ ಪಿಟ್ಯುಟರಿ ಗ್ರಂಥಿ. ಮಿದುಳು ಆಗಾಗ ಅದಕ್ಕೆ ಕೂಗು ಹಾಕುತ್ತೆ. ಕೂಗು ಕೇಳಿದಾಗ ನೀರುಗಂಟಿ ತೂಬು ತೆಗೆಯುತ್ತಾನೆ. ಹಾರ್ಮೋನು ಹರಿಯುತ್ತೆ. ಚುಚ್ಚುಮದ್ದು ಏನು ಮಾಡುತ್ತೆ ಗೊತ್ತೆ? ಹಗಲೂ ರಾತ್ರಿ ಕೂಗುತ್ತಲೇ ಇರುತ್ತೆ. ನೀರುಗಂಟಿ ಮೊದಲು ಗಾಬರಿಯಾಗಿ ತೂಬು ಪೂರ್ತಿ ತೆಗೆದುಬಿಡುತ್ತಾನೆ. ಕೂಗು ನಿಲ್ಲದೇ ಹೋದರೆ ಆಮೇಲೆ ಕಿವಿಗೇ ಹಾಕಿಕೊಳ್ಳೋದಿಲ್ಲ. ತೂಬು ಮುಚ್ಚುತ್ತೆ. ಮೂರು ನಾಲ್ಕು ವಾರದಲ್ಲಿ ಹಾರ್ಮೋನು ತಳಕ್ಕೆ ಇಳಿಯುತ್ತೆ.

ಇಲ್ಲೇ ಒಂದು ಅಪಾಯ ಇದೆ. ಮೊದಲ ಚುಚ್ಚುಮದ್ದಿನ ನಂತರ ಒಂದೆರಡು ವಾರ ಹಾರ್ಮೋನು ಇಳಿಯೋದಿಲ್ಲ, ಏರುತ್ತೆ. ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿದ್ದರೆ ಆ ದಿನಗಳಲ್ಲಿ ನರ ಒತ್ತಿಹೋಗಬಹುದು. ಕಾಲಿನ ಶಕ್ತಿ ಹೋಗಬಹುದು. ಮೂತ್ರ ಕಟ್ಟಬಹುದು. ಅದಕ್ಕೇ ವೈದ್ಯರು ಮುಂಚಿತವಾಗಿ ಒಂದು ಗುಳಿಗೆ ಶುರು ಮಾಡುತ್ತಾರೆ. ಸಾಮಾನ್ಯವಾಗಿ ಬೈಕಾಲುಟಮೈಡ್ ಅನ್ನುವ ಗುಳಿಗೆ. ನೀರು ಬಂದರೂ ಕಳೆಯ ಬೇರಿಗೆ ಮುಟ್ಟದ ಹಾಗೆ ಅದು ತಡೆಯುತ್ತೆ. "ಸೂಜಿ ಕೊಟ್ಟಾಯ್ತಲ್ಲ, ಗುಳಿಗೆ ಯಾಕೆ?" ಅಂತ ಬಿಡಬೇಡಿ. ಎಷ್ಟು ದಿನ ಹೇಳಿದ್ದಾರೋ ಅಷ್ಟು ದಿನ ನುಂಗಬೇಕು. ಬೆನ್ನು ನೋವಿದ್ದರೆ ಮೊದಲೇ ಹೇಳಬೇಕು. ಸೂಜಿ ಆದಮೇಲೆ ಕಾಲು ಜೋಮು ಹಿಡಿದರೆ, ಕಾಲು ಸೋತರೆ, ಮೂತ್ರ ನಿಂತರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬೆಳಗಾಗಲಿ ಅಂತ ಕಾಯಬಾರದು.

ಡಿಗಾರೆಲಿಕ್ಸ್ ಅಂತ ಇನ್ನೊಂದು ಮದ್ದು ಇದೆ. ಅದರಲ್ಲಿ ಈ ಏರಿಕೆ ಇಲ್ಲ. ಅದನ್ನು ತಿಂಗಳು ತಿಂಗಳೂ ಹಾಕಿಸಬೇಕು.

ಈಗ ಅಂಕಿಯ ಮಾತು. ನೀವು ಓದಲು ಕಲಿತದ್ದು ಇಲ್ಲಿ ಕೆಲಸಕ್ಕೆ ಬರುತ್ತೆ. ಗೋಸೆರೆಲಿನ್ ಅನ್ನುವ ಮದ್ದು ಎರಡು ಅಳತೆಯಲ್ಲಿ ಬರುತ್ತೆ. ಪೆಟ್ಟಿಗೆಯ ಮೇಲೆ 3.6 ಅಂತ ಇದ್ದರೆ ಅದು 28 ದಿನಕ್ಕೆ. 10.8 ಅಂತ ಇದ್ದರೆ 12 ವಾರಕ್ಕೆ. ಹೆಸರು ಒಂದೇ, ಅಂಕಿ ಬೇರೆ. 28 ದಿನದ ಮದ್ದು ಹಾಕಿಸಿಕೊಂಡು ಮೂರು ತಿಂಗಳು ಮನೆಯಲ್ಲಿ ಕೂತರೆ ತೂಬು ಮತ್ತೆ ತೆರೆಯುತ್ತೆ. ಲ್ಯೂಪ್ರೋಲೈಡ್ ಅನ್ನುವ ಮದ್ದಿನಲ್ಲೂ ಹೀಗೇ ಬೇರೆ ಬೇರೆ ಅಳತೆ ಇವೆ. ಆದ್ದರಿಂದ ಪೆಟ್ಟಿಗೆಯ ಅಂಕಿಯನ್ನೂ ಚೀಟಿಯ ಅಂಕಿಯನ್ನೂ ಪಕ್ಕ ಪಕ್ಕ ಇಟ್ಟು ಓದಿ. ಇನ್ನೊಂದು ಲೆಕ್ಕ. 12 ವಾರ ಅಂದರೆ 84 ದಿನ. ಮೂರು ತಿಂಗಳು ಅಂದರೆ ಸುಮಾರು 90 ದಿನ. ಎರಡೂ ಒಂದೇ ಅಲ್ಲ.

ಮದ್ದು ನೀವೇ ಕೊಂಡು ತರುವುದಾದರೆ ಬಿಸಿಲಿಗೆ ಇಡಬೇಡಿ. ಎಷ್ಟು ತಂಪಿನಲ್ಲಿ ಇಡಬೇಕು ಅಂತ ಅಂಗಡಿಯಲ್ಲೇ ಕೇಳಿ. ಇದನ್ನು ಹಾಕುವುದು ಎಲ್ಲರಿಗೂ ಬರುವ ಕೆಲಸವಲ್ಲ. ಗೋಸೆರೆಲಿನ್ ಸೂಜಿ ದಪ್ಪ. ಹೊಟ್ಟೆಯ ಚರ್ಮದ ಕೆಳಗೆ ಸಣ್ಣ ಕಡ್ಡಿಯಂಥ ಮದ್ದನ್ನು ಇಡುತ್ತಾರೆ. ಕಲಿತ ನರ್ಸ್ ಅಥವಾ ವೈದ್ಯರೇ ಹಾಕಬೇಕು. ರಕ್ತ ತೆಳು ಮಾಡುವ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಿ.

ತೊಂದರೆಗಳೂ ಇವೆ. ಮುಚ್ಚಿಡುವುದು ಬೇಡ. ಇದ್ದಕ್ಕಿದ್ದಂತೆ ಮೈ ಕಾವೇರಿ ಬೆವರುತ್ತೆ. ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರಿಗೆ ಇದು ಗೊತ್ತು. ಗಂಡ ಹೆಂಡಿರ ಕೂಡುವಿಕೆಯ ಆಸೆ ಹೋಗುತ್ತೆ. ಸುಸ್ತು, ಬೇಸರ, ಸಿಡುಕು ಬರಬಹುದು. ಇದು ಮದ್ದಿನಿಂದ ಆಗೋದು. ಮನುಷ್ಯ ಕೆಟ್ಟವನಾದ ಅಂತ ಮನೆಯವರು ತಿಳಿಯಬಾರದು. ಹೊಟ್ಟೆ ಬೆಳೆಯುತ್ತೆ, ತೋಳು ಸೊರಗುತ್ತೆ. ಸಕ್ಕರೆ ಕಾಯಿಲೆ ಮತ್ತು ಹೃದಯದ ಕಾಯಿಲೆ ಹೆಚ್ಚಬಹುದು ಅಂತ ಅಮೆರಿಕದ ಔಷಧ ಇಲಾಖೆ 2010ರಲ್ಲಿ ಎಚ್ಚರಿಕೆ ಕೊಟ್ಟಿತು. ಹಿಂದೆ ಎದೆನೋವು ಬಂದಿದ್ದರೆ ವೈದ್ಯರಿಗೆ ಹೇಳಲೇಬೇಕು. ಸಕ್ಕರೆ, ಬಿ.ಪಿ. ಆಗಾಗ ನೋಡಿಸಬೇಕು. ಬೀಡಿ ಬಿಡಬೇಕು.

ಮೂಳೆಯ ವಿಷಯ ಹೆಚ್ಚು ಜನಕ್ಕೆ ಗೊತ್ತಿಲ್ಲ. ವರ್ಷಗಟ್ಟಲೆ ಈ ಮದ್ದು ತಗೊಂಡರೆ ಮೂಳೆ ಟೊಳ್ಳಾಗುತ್ತೆ. ಜಾರಿ ಬಿದ್ದರೆ ಸೊಂಟ ಮುರಿಯುತ್ತೆ. ರಾಗಿ ಮುದ್ದೆ, ಹಾಲು, ಮೊಸರು ತಪ್ಪಿಸಬೇಡಿ. ವೈದ್ಯರು ಸುಣ್ಣದ ಗುಳಿಗೆ ಕೊಟ್ಟರೆ ನುಂಗಿ. ದಿನಾ ನಡೆಯಿರಿ. ರಾತ್ರಿ ಮೂತ್ರಕ್ಕೆ ಏಳುವ ದಾರಿಯಲ್ಲಿ ಒಂದು ದೀಪ ಇರಲಿ.

ಚುಚ್ಚುಮದ್ದು ಬೇಡ ಅನ್ನುವವರಿಗೆ ಆ ಹಳೆಯ ಆಪರೇಷನ್ ಈಗಲೂ ಇದೆ. ಫಲ ಚುಚ್ಚುಮದ್ದಿನಷ್ಟೇ. ಖರ್ಚು ಒಂದೇ ಸಲ. ತಾರೀಕು ನೆನಪಿಡುವ ತಾಪತ್ರಯ ಇಲ್ಲ. ಆದರೆ ತೆಗೆದದ್ದು ಮತ್ತೆ ಬರೋದಿಲ್ಲ. ಇದು ನಾಚಿಕೆಯ ಮಾತಲ್ಲ ಅಂತ ನಾವು ಹೇಳುತ್ತೇವೆ. ತೀರ್ಮಾನ ಮಾತ್ರ ರೋಗಿಯದೇ ಆಗಬೇಕು, ಮಗನದ್ದಲ್ಲ.

ಎಷ್ಟು ಕಾಲ ಚುಚ್ಚುಮದ್ದು? ಕರೆಂಟು ಚಿಕಿತ್ಸೆಯ ಜೊತೆಗೆ ಕೊಟ್ಟರೆ ಕೆಲವರಿಗೆ 6 ತಿಂಗಳು, ಕೆಲವರಿಗೆ 2-3 ವರ್ಷ. ಮೂಳೆಗೆ ಹರಡಿದ್ದರೆ ಸಾಮಾನ್ಯವಾಗಿ ಕೊನೆಯವರೆಗೂ. ಆಗ ಅದು ಕಾಯಿಲೆಯನ್ನು ಬೇರುಸಹಿತ ಕೀಳೋದಿಲ್ಲ, ಅದುಮಿ ಹಿಡಿಯುತ್ತೆ. ಈಗ ಇದರ ಜೊತೆಗೆ ಬೇರೆ ಗುಳಿಗೆಗಳನ್ನೂ ಕೊಡುತ್ತಾರೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ 1973ರಿಂದ ಕ್ಯಾನ್ಸರಿಗೆಂದೇ ಇದೆ. ಹೋಗುವಾಗ ರೇಷನ್ ಕಾರ್ಡು, ಆಯುಷ್ಮಾನ್ ಕಾರ್ಡು, ಹಳೆಯ ಚೀಟಿಗಳು ಎಲ್ಲ ಇರಲಿ.

ನಮ್ಮ ಅಜ್ಜ ಮರುದಿನವೇ ಬಸ್ಸು ಹತ್ತಿದರು. ರಕ್ತದಲ್ಲಿ ಪಿ.ಎಸ್.ಎ. ಅಂಶ ಏರಿತ್ತು. ಕಾಯಿಲೆ ಮತ್ತೆ ತಲೆ ಎತ್ತುತ್ತಿದೆ ಅಂದರು ವೈದ್ಯರು. 10.8ರ ಚುಚ್ಚುಮದ್ದು ಹಾಕಿಸಿಕೊಂಡು ಬಂದರು. ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಮುಂದಿನ ತಾರೀಕು ಬರೆದರು. 84 ದಿನ ತಾವೇ ಎಣಿಸಿದ್ದರು. ಒಂದು ದಿನ ಹೆಚ್ಚಾಗಿತ್ತು. ತಿದ್ದಿಸಿದೆವು.