ಮೊದಲು ಸೋಪು, ಆಮೇಲೆ ಸ್ಪಿರಿಟ್

‘ಮನೆಮಂದಿಗೆಲ್ಲ ಒಂದೇ ಥರ್ಮಾಮೀಟರ್. ಒಬ್ಬರ ಬಾಯಿಂದ ತೆಗೆದು ಇನ್ನೊಬ್ಬರಿಗೆ ಇಡುವ ಮೊದಲು ಕುದಿಯುವ ನೀರಲ್ಲಿ ಅದ್ದಿದರೆ ಸಾಕೇ?’ ಬನಶಂಕರಿಯ ಓದುಗರೊಬ್ಬರು ಕೇಳಿದ್ದಾರೆ. ಬೆಂಗಳೂರಿನಲ್ಲಿ ಮಳೆಯ ಹಿಂದೆಯೇ ಜ್ವರ ಬರುತ್ತದೆ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದೇ ಘೋಷಿಸಿತ್ತು. ಡೆಂಗಿ ಹರಡುವುದು ಸೊಳ್ಳೆಯಿಂದ, ಥರ್ಮಾಮೀಟರಿನಿಂದಲ್ಲ. ಆದರೆ ಗಂಟಲುಬೇನೆ, ಫ್ಲೂ ತರುವ ಸೂಕ್ಷ್ಮಜೀವಿಗಳು ಎಂಜಲಿನಲ್ಲಿರುತ್ತವೆ.

ಕುದಿಯುವ ನೀರು ಖಂಡಿತ ಬೇಡ. ಪಾದರಸದ ಥರ್ಮಾಮೀಟರಿನ ಅಳತೆ ಮುಗಿಯುವುದೇ 42 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಅದನ್ನು ಮೀರಿ ಕಾಯಿಸಿದರೆ ಹಿಗ್ಗಿದ ಪಾದರಸಕ್ಕೆ ಜಾಗ ಸಾಲದೆ ಗಾಜು ಒಡೆಯುತ್ತದೆ. ಡಿಜಿಟಲ್ ಆದರೆ ಬ್ಯಾಟರಿ ಮುಚ್ಚಳದ ಸಂದಿಯಲ್ಲಿ ನೀರಿಳಿದು ಕೆಡುತ್ತದೆ.

ಒಂದು ಕಾಲಕ್ಕೆ ವೈದ್ಯರ ಥರ್ಮಾಮೀಟರ್ ಒಂದು ಅಡಿ ಉದ್ದವಿತ್ತು, ಜ್ವರ ನೋಡಲು ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. 1866-67ರ ಸುಮಾರಿಗೆ ಇಂಗ್ಲೆಂಡಿನ ಲೀಡ್ಸ್‌ನ ವೈದ್ಯ ಥಾಮಸ್ ಕ್ಲಿಫರ್ಡ್ ಆಲ್ಬಟ್ ಅದನ್ನು ಆರು ಇಂಚಿಗೆ ಇಳಿಸಿದರು. ಐದು ನಿಮಿಷ ಸಾಕಾಯಿತು. ಜೇಬಿಗೆ ಸೇರಿದ ಸಾಧನ ಹಾಸಿಗೆಯಿಂದ ಹಾಸಿಗೆಗೆ ಓಡಾಡತೊಡಗಿತು. ಅದನ್ನು ತೊಳೆದಿಡುವ ಹೊಣೆಯೂ ಅಲ್ಲಿಂದಲೇ ಶುರು.

ಈಗ ಆ ಕೆಲಸಕ್ಕೆ ಸ್ಪಿರಿಟ್, ಅಂದರೆ ಆಲ್ಕೋಹಾಲ್ ಇದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಆಲ್ಕೋಹಾಲ್ ಸ್ವ್ಯಾಬ್‌ನ ಪೊಟ್ಟಣ ನೋಡಿ: 70% ಐಸೋಪ್ರೊಪೈಲ್ ಆಲ್ಕೋಹಾಲ್ ಎಂದಿರುತ್ತದೆ. ನೂರಕ್ಕೆ ನೂರು ಇದ್ದರೆ ಇನ್ನೂ ಒಳ್ಳೆಯದಲ್ಲವೇ? ಅಲ್ಲ. ಬೇಳೆಯನ್ನು ಒಣ ಬಾಣಲೆಗೆ ಹಾಕಿದರೆ ಹುರಿದೀತು, ಬೇಯದು. ಬೇಯಲು ನೀರು ಬೇಕು. ಸೂಕ್ಷ್ಮಜೀವಿಯ ಪ್ರೋಟೀನುಗಳ ರಚನೆ ಮುರಿದುಬೀಳಲೂ ಆಲ್ಕೋಹಾಲಿನ ಜೊತೆ ನೀರಿರಬೇಕು. ಮೇಲಾಗಿ ಶುದ್ಧ ಆಲ್ಕೋಹಾಲ್ ಕೆಲಸ ಮುಗಿಸುವ ಮೊದಲೇ ಆರಿಹೋಗುತ್ತದೆ. ಆ ಉಳಿದ ಮೂವತ್ತು ಭಾಗದಲ್ಲಿರುವ ನೀರು ಕಲಬೆರಕೆಯಲ್ಲ, ಮದ್ದಿನದೇ ಅರ್ಧ ಬಲ.

ಆದರೆ ಎಂಜಲಿನ ಪದರ ಮೇಲಿದ್ದರೆ ಸ್ಪಿರಿಟ್ ಒಳಗಿಳಿಯದು. ವಾಂತಿಭೇದಿ ತರುವ ನೊರೊವೈರಸ್ಸಿನಂಥವು ಆಲ್ಕೋಹಾಲಿಗೆ ಸುಲಭವಾಗಿ ಬಗ್ಗುವುದೂ ಇಲ್ಲ. ಅವನ್ನು ತೊಳೆದೇ ಕಳೆಯಬೇಕು. ಆದ್ದರಿಂದ ಮೊದಲು ತುದಿಯನ್ನು ಸೋಪು, ತಣ್ಣೀರಿನಲ್ಲಿ ತೊಳೆದು ಒರೆಸಿ. ಆಮೇಲೆ ಸ್ಪಿರಿಟ್ ಹಚ್ಚಿ ತಾನಾಗಿ ಆರಲು ಬಿಡಿ. ಬಾಯಿಗಿಡುವ ಮುನ್ನ ಮತ್ತೊಮ್ಮೆ ತಣ್ಣೀರಿನಲ್ಲಿ ತೊಳೆಯಿರಿ. ಒದ್ದೆಯಾಗಿಯೇ ಡಬ್ಬಿಗೆ ಹಾಕಬೇಡಿ. ಡಬ್ಬಿಯನ್ನೂ ಆಗಾಗ ತೊಳೆಯಿರಿ. ಮಗುವಿನ ಗುದದ್ವಾರಕ್ಕೆ ಬಳಸುವುದನ್ನು ಬೇರೆಯೇ ಇಟ್ಟು ಗುರುತು ಹಾಕಿ.

ಪಾದರಸದ್ದು ಒಡೆದರೆ ಪೊರಕೆ ಬೇಡ, ಹನಿಗಳು ಚೂರಾಗಿ ಹರಡುತ್ತವೆ. ಕಿಟಕಿ ತೆರೆದು, ಗಟ್ಟಿ ಕಾಗದದಲ್ಲಿ ಬಳಿದು, ಬಿಗಿ ಮುಚ್ಚಳದ ಬಾಟಲಿಗೆ ಹಾಕಿ. 2016ರ ಘನತ್ಯಾಜ್ಯ ನಿಯಮಗಳು ಅದನ್ನು ಮನೆಯ ಅಪಾಯಕಾರಿ ಕಸವೆಂದು ಗುರುತಿಸಿದ್ದವು. ಹಸಿ ಕಸಕ್ಕೂ ಒಣ ಕಸಕ್ಕೂ ಸೇರಿಸದೆ, ಬೇರೆಯಾಗಿ ಕೊಡಿ.